ಕಪಿಲೆಗೆ ಮರಳುವ ನೀರು

ಬೆಳಗಿನ ಐದು ಗಂಟೆಗೆ ನಂಜನಗೂಡಿನ ಸ್ನಾನಘಟ್ಟದಲ್ಲಿ ನಿಂತು ನೋಡಿದರೆ ಕಪಿಲೆಯಲ್ಲಿ ಮುಳುಗು ಹಾಕುವವರ ಸಾಲು ಆಗಲೇ ಶುರುವಾಗಿರುತ್ತದೆ. ಮುಡಿ ಕೊಟ್ಟವರು, ಉರುಳುಸೇವೆಯ ಹರಕೆ ಹೊತ್ತವರು, ದೂರದ ಊರಿನಿಂದ ರಾತ್ರಿ ಬಸ್ಸಿಗೆ ಬಂದವರು. ಮೂರು ಸಲ ಮುಳುಗಿ ಎದ್ದು, ಬೊಗಸೆಯಲ್ಲಿ ನೀರೆತ್ತಿ ಅರ್ಘ್ಯ ಬಿಟ್ಟು, ಕೊನೆಯ ಗುಟುಕನ್ನು ತೀರ್ಥವೆಂದು ಬಾಯಿಗೆ ಹಾಕಿಕೊಳ್ಳುವವರೂ ಅವರಲ್ಲಿ ಇರುತ್ತಾರೆ. ಅದಾದ ಸ್ವಲ್ಪ ಹೊತ್ತಿಗೆ ಊರಿನ ಸಾವಿರಾರು ಬಚ್ಚಲುಗಳಲ್ಲಿ, ಕಕ್ಕಸುಗಳಲ್ಲಿ ನೀರು ಸುರಿಯಲು ಮೊದಲಾಗುತ್ತದೆ. ಯಾವ ಊರಿನಲ್ಲೇ ಆಗಲಿ, ಕೊಳಚೆ ನೀರು ಭರದಿಂದ ಹರಿಯುವುದು ಬೆಳಗಿನ ಎರಡು ಮೂರು ಗಂಟೆಗಳ ಅವಧಿಯಲ್ಲೇ. ಬಚ್ಚಲಿನಿಂದ ಹೊರಟ ಆ ನೀರು ಕೊನೆಗೆ ಸೇರಬೇಕಾದದ್ದೂ ಕಪಿಲೆಯನ್ನೇ.

ನಕ್ಷೆಗಳಲ್ಲಿ ಕಬಿನಿ ಎಂದು ಬರೆಯುವ ಈ ನದಿ ವಯನಾಡಿನಲ್ಲಿ ಹುಟ್ಟಿ, ಹೆಗ್ಗಡದೇವನಕೋಟೆ ತಾಲ್ಲೂಕಿನ ಜಲಾಶಯದಲ್ಲಿ ತಂಗಿ, ನಂಜನಗೂಡಿನಲ್ಲಿ ಶ್ರೀಕಂಠೇಶ್ವರನ ಪಾದದ ಬಳಿ ಹಾದು, ಸುತ್ತೂರನ್ನು ದಾಟಿ, ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತದೆ. ಅಲ್ಲಿ ಕಾವೇರಿ, ಕಪಿಲೆಗಳ ಜೊತೆಗೆ ಕಣ್ಣಿಗೆ ಕಾಣದ ಸ್ಫಟಿಕ ಸರೋವರವೂ ಕೂಡುತ್ತದೆಂದು ನಂಬಿಕೆ. 1989ರಿಂದೀಚೆಗೆ ಕುಂಭಮೇಳಗಳು ನಡೆಯುತ್ತಿರುವುದು ಈ ಸಂಗಮದಲ್ಲೇ; 2025ರ ಫೆಬ್ರುವರಿಯಲ್ಲೂ ನಡೆಯಿತು. ದಡದ ಗುಂಜಾ ನರಸಿಂಹಸ್ವಾಮಿಯ ಕೈಯಲ್ಲಿ ಒಂದು ಗುಲಗಂಜಿ ಇದೆ. ಈ ಕ್ಷೇತ್ರ ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚು ಎಂಬುದು ಅದರ ಅರ್ಥವೆಂದು ಜನ ಹೇಳುತ್ತಾರೆ.

ಗುಲಗಂಜಿ ಹಿಂದೆ ಅಕ್ಕಸಾಲಿಗನ ತಕ್ಕಡಿಯ ತೂಕವಾಗಿತ್ತು. ಇಂದಿನ ಲೆಕ್ಕದಲ್ಲಿ ಅದು ಸುಮಾರು 120 ಮಿಲಿಗ್ರಾಂ. ನದಿ ಎಷ್ಟು ಶುದ್ಧವಾಗಿದೆ ಎಂದು ಅಳೆಯಲು ಅದಕ್ಕಿಂತ ಒಳ್ಳೆಯ ತೂಕದ ಕಲ್ಲು ಬೇಕಿಲ್ಲ. ನೀರಿನಲ್ಲಿ ಮೀನು, ಹುಳು, ಸೂಕ್ಷ್ಮಜೀವಿ ಎಲ್ಲವೂ ಬದುಕುವುದು ಅದರಲ್ಲಿ ಕರಗಿರುವ ಆಮ್ಲಜನಕದಿಂದ. ನಮ್ಮ ಹವೆಯ ಬಿಸಿಗೆ ಒಂದು ಲೀಟರ್ ತಿಳಿನೀರಿನಲ್ಲಿ ಎಂಟು ಮಿಲಿಗ್ರಾಂನಷ್ಟು ಆಮ್ಲಜನಕ ಕರಗಿರಬಲ್ಲದು. ಎಂದರೆ ಹದಿನೈದು ಲೀಟರ್ ನೀರಿಗೆ, ಒಂದು ದೊಡ್ಡ ಬಿಂದಿಗೆಗೆ, ಒಂದು ಗುಲಗಂಜಿ. ನದಿಯ ಬಂಡವಾಳ ಅಷ್ಟೇ. ಈ ನೀರಿಗೆ ಮಲ, ಅನ್ನದ ಗಂಜಿ, ಸೋಪಿನ ನೊರೆ ಬಿದ್ದರೆ ಅವನ್ನು ತಿನ್ನಲು ಬ್ಯಾಕ್ಟೀರಿಯಾಗಳು ಬೆಳೆಯುತ್ತವೆ. ತಿನ್ನುವ ಕೆಲಸಕ್ಕೆ ಆಮ್ಲಜನಕವನ್ನು ಎಳೆದುಕೊಳ್ಳುತ್ತವೆ. ಹೀಗೆ ಎಳೆದುಕೊಳ್ಳುವ ಪ್ರಮಾಣವನ್ನು ಬಿ.ಓ.ಡಿ. ಎಂದು ಕರೆಯುತ್ತಾರೆ, ಜೈವಿಕ ಆಮ್ಲಜನಕ ಬೇಡಿಕೆ. ಮನೆಗಳಿಂದ ಬರುವ ಕೊಳಚೆಯ ಒಂದು ಲೀಟರಿಗೆ ಈ ಬೇಡಿಕೆ ಸಾಮಾನ್ಯವಾಗಿ ಇನ್ನೂರರಿಂದ ಮುನ್ನೂರು ಮಿಲಿಗ್ರಾಂ, ಹೆಚ್ಚುಕಡಿಮೆ ಎರಡು ಗುಲಗಂಜಿ. ಒಂದು ಲೀಟರ್ ಕೊಳಚೆ ಮೂವತ್ತು ಲೀಟರ್ ತಿಳಿನೀರಿನ ಉಸಿರನ್ನೆಲ್ಲ ಹೀರಬಲ್ಲದು ಎಂದಾಯಿತು. ಸ್ನಾನಕ್ಕೆ ಯೋಗ್ಯವಾದ ನದಿಯಲ್ಲಿ ಈ ಬೇಡಿಕೆ ಲೀಟರಿಗೆ 3 ಮಿಲಿಗ್ರಾಂ ಮೀರಬಾರದೆಂಬುದು ದೇಶದ ನಿಯಮ. ನಲವತ್ತು ಲೀಟರಿಗೆ ಒಂದು ಗುಲಗಂಜಿ.

ನದಿ ತನ್ನ ಕೊಳೆಯನ್ನು ತಾನೇ ತೊಳೆದುಕೊಳ್ಳುತ್ತದೆ ಎಂಬ ಹಳೆಯ ಮಾತು ಸುಳ್ಳಲ್ಲ. ಕಲ್ಲುಗಳ ಮೇಲೆ ಹಾರಿ ಗಾಳಿ ಬೆರೆಸಿಕೊಳ್ಳುತ್ತ, ಬಿಸಿಲಿಗೆ ಮೈಯೊಡ್ಡುತ್ತ ಹರಿಯುವ ನೀರು ಕೆಲವು ಹರದಾರಿ ಹೋಗುವಷ್ಟರಲ್ಲಿ ಸಾಕಷ್ಟು ಕೊಳೆಯನ್ನು ಅರಗಿಸಿಕೊಂಡಿರುತ್ತದೆ. ಆದರೆ ಅದು ನಡೆಯುವುದು ಕೊಳೆ ಕಡಿಮೆಯಿದ್ದು ನೀರು ಹೆಚ್ಚಿದ್ದಾಗ. ದಳವಾಯಿ ದೇವರಾಜಯ್ಯ 1735ರಲ್ಲಿ ನಂಜನಗೂಡಿನ ಬಳಿ ಕಪಿಲೆಗೆ ಕಲ್ಲಿನ ಸೇತುವೆ ಕಟ್ಟಿಸಿದ ಕಾಲದಲ್ಲಿ ಊರಿನ ಮಲ ನದಿಗೆ ಬರುತ್ತಲೇ ಇರಲಿಲ್ಲ ಎನ್ನಬಹುದು. ಜನ ಬಯಲಿಗೆ ಹೋಗುತ್ತಿದ್ದರು. ಮಣ್ಣು, ಬಿಸಿಲು, ಹುಳುಗಳು ಮಿಕ್ಕ ಕೆಲಸ ಮಾಡುತ್ತಿದ್ದವು. ಮನೆಗಳಲ್ಲಿ ಬಚ್ಚಲ ನೀರು ಹಿತ್ತಲಿನ ಬಾಳೆಗಿಡಕ್ಕೆ ಹೋಗುತ್ತಿತ್ತು. ತೊಂದರೆ ಬರುತ್ತಿದ್ದುದು ಜಾತ್ರೆಗಳಲ್ಲಿ, ಕಾಲರಾ ರೂಪದಲ್ಲಿ.

ಮೈಸೂರು ಸೀಮೆಯ ಊರುಗಳಿಗೆ ಕಕ್ಕಸಿನ ವ್ಯವಸ್ಥೆ ಎಂಬುದೊಂದು ಬಂದದ್ದು ಪುರಸಭೆಗಳ ಜೊತೆಗೆ. 1898ರ ಪ್ಲೇಗಿನ ಏಟು ತಿಂದ ಮೇಲೆ ಮೈಸೂರಿನಲ್ಲಿ 1903ರಲ್ಲಿ ನಗರಾಭಿವೃದ್ಧಿ ಟ್ರಸ್ಟ್ ಮಂಡಳಿ ಹುಟ್ಟಿತು. ಅದು ಹಾಕಿದ ಹೊಸ ಬಡಾವಣೆಗಳಲ್ಲಿ ಮನೆಗಳ ಹಿಂದೆ ಸಣ್ಣ ಓಣಿಗಳಿರುತ್ತಿದ್ದವು. ಹಳೆಯ ಮೈಸೂರಿಗರು ಇಂದಿಗೂ ಅವನ್ನು ಕನ್ಸರ್ವೆನ್ಸಿ ಎಂದೇ ಕರೆಯುತ್ತಾರೆ. ಮಲ ಹೊರುವವರು ಮುಂಬಾಗಿಲ ಬೀದಿಯಲ್ಲಿ ಕಾಣಿಸಿಕೊಳ್ಳದೆ ಬಂದು ಹೋಗಲಿ ಎಂದು ಮಾಡಿದ ದಾರಿ ಅದು. ಊರಿನ ಶುಚಿತ್ವವೆಲ್ಲ ಆ ಹಿಂದಿನ ಓಣಿಯಲ್ಲಿ ಬುಟ್ಟಿ ಹೊತ್ತು ನಡೆದವರ ತಲೆಯ ಮೇಲೆ ನಿಂತಿತ್ತು. ಹೀಗೆ ಹೊತ್ತ ಮಲ ಊರಾಚೆಯ ಕಂದಕಗಳಿಗೆ ಹೋಗಿ, ಕಸದ ಜೊತೆ ಪದರ ಪದರವಾಗಿ ಬಿದ್ದು ಗೊಬ್ಬರವಾಗುತ್ತಿತ್ತು. ಇದಕ್ಕೊಂದು ವೈಜ್ಞಾನಿಕ ಕ್ರಮವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ಎನ್. ಆಚಾರ್ಯ ರೂಪಿಸಿದರು, ಕೃಷಿ ಪುಸ್ತಕಗಳಲ್ಲಿ ಇಂದಿಗೂ ಅದು ‘ಬೆಂಗಳೂರು ಪದ್ಧತಿ’ಯ ಕಾಂಪೋಸ್ಟ್. ಗೊಬ್ಬರ ಒಳ್ಳೆಯದೇ. ಆದರೆ ಅದನ್ನು ಹೊತ್ತವರ ಬಾಳಿನ ಬಗ್ಗೆ ಆ ಪುಸ್ತಕಗಳು ಮಾತಾಡುವುದಿಲ್ಲ.

1970ರ ದಶಕದ ಮೊದಲಲ್ಲಿ, ದೇವರಾಜ ಅರಸು ಸಂಪುಟದಲ್ಲಿ ಪೌರಾಡಳಿತ ನೋಡಿಕೊಳ್ಳುತ್ತಿದ್ದ ಬಿ. ಬಸವಲಿಂಗಪ್ಪ ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. ದೇಶದ ಮಟ್ಟದ ಕಾಯ್ದೆ ಬರಲು 1993 ಆಗಬೇಕಾಯಿತು. ಹೊರುವುದು ನಿಂತರೆ ಮಲವನ್ನು ಸಾಗಿಸುವವರು ಯಾರು? ನೀರು. ಎಲ್ಲ ಒಳಚರಂಡಿ ಯೋಜನೆಗಳ ಬೇರು ಇರುವುದು ಈ ಒಂದು ಪದದಲ್ಲಿ. ಎರಡು ಚೊಂಬು ನೀರಿನ ಜಾಗಕ್ಕೆ ಫ್ಲಷ್ ಬಂತು, ಬಾವಿಯ ಜಾಗಕ್ಕೆ ನಲ್ಲಿ ಬಂತು. 1974ರ ಜಲಮಾಲಿನ್ಯ ಕಾಯ್ದೆಯ ಬೆನ್ನಿಗೇ ಆ ವರ್ಷದ ಸೆಪ್ಟೆಂಬರ್‌ನಲ್ಲಿ ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿ ರಚನೆಯಾಯಿತು. ಸಣ್ಣ ಊರುಗಳಿಗೆ ನಲ್ಲಿ ನೀರು ಮತ್ತು ಒಳಚರಂಡಿ ಒದಗಿಸಲು ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿಯೂ ಅದೇ ದಶಕದಲ್ಲಿ ಬಂತು. ಮಂಡಳಿಯ ಹೆಸರಿನಲ್ಲಿ ‘ನೀರು’ ಮೊದಲು, ‘ಒಳಚರಂಡಿ’ ಆಮೇಲೆ. ಬಹುಪಾಲು ಊರುಗಳಲ್ಲಿ ಕೆಲಸ ನಡೆದದ್ದೂ ಅದೇ ಅನುಕ್ರಮದಲ್ಲಿ. ನಲ್ಲಿ ಬಂದು ಇಪ್ಪತ್ತು, ಮೂವತ್ತು ವರ್ಷಗಳಾದರೂ ಒಳಚರಂಡಿ ಬರದ ಊರುಗಳಲ್ಲಿ ಫ್ಲಷ್ಷಿನ ನೀರು ಹಿತ್ತಲಿನ ಗುಂಡಿಗೋ, ಗುಂಡಿ ತುಂಬಿದಾಗ ಬೀದಿ ಚರಂಡಿಗೋ, ಅಲ್ಲಿಂದ ಹಳ್ಳ ಹಿಡಿದು ನದಿಗೋ ಹೋಯಿತು.

ಕೊಳಚೆಯನ್ನು ತೊಳೆಯುವ ವಿದ್ಯೆ ಬೆಳೆದದ್ದು ಇಂಗ್ಲೆಂಡ್ ಮತ್ತು ಅಮೆರಿಕಗಳಲ್ಲಿ. ಥೇಮ್ಸ್ ನದಿ ನಾರಿ ಪಾರ್ಲಿಮೆಂಟಿನ ಕಿಟಕಿಗಳನ್ನು ಮುಚ್ಚಿಸಿದ 1858ರ ಬೇಸಿಗೆಯ ನಂತರ ಲಂಡನ್ ಮಾಡಿದ್ದು ಕೊಳಚೆಯನ್ನು ಊರಿನ ಕೆಳಗಿನ ಹರಿವಿಗೆ ಸಾಗಿಸುವ ಕೆಲಸ ಮಾತ್ರ. ಕೊಳಚೆಯನ್ನು ತಿನ್ನುವುದು ಸೂಕ್ಷ್ಮಜೀವಿಗಳು, ಅವಕ್ಕೆ ಗಾಳಿ ಮತ್ತು ಅವಕಾಶ ಒದಗಿಸಿದರೆ ಸಾಕು ಎಂಬುದನ್ನು ಖಚಿತಪಡಿಸಿದ್ದು 1887ರಲ್ಲಿ ಅಮೆರಿಕದ ಲಾರೆನ್ಸ್ ಪಟ್ಟಣದಲ್ಲಿ ಶುರುವಾದ ಪ್ರಯೋಗ ಕೇಂದ್ರ. ಮ್ಯಾಂಚೆಸ್ಟರಿನ ರಸಾಯನಶಾಸ್ತ್ರಜ್ಞ ಗಿಲ್ಬರ್ಟ್ ಫೌಲರ್ 1912ರಲ್ಲಿ ಅಲ್ಲಿಗೆ ಹೋಗಿ ಬಂದರು. ಅವರ ಸೂಚನೆಯಂತೆ ಆರ್ಡರ್ನ್ ಮತ್ತು ಲಾಕೆಟ್ ಎಂಬಿಬ್ಬರು ಸೀಸೆಯಲ್ಲಿ ಕೊಳಚೆ ತುಂಬಿ ಗಾಳಿ ಊದಿದರು. ಮೊದಲ ಸಲ ಅದು ತಿಳಿಯಾಗಲು ಐದು ವಾರ ಹಿಡಿಯಿತು. ತಿಳಿಯನ್ನು ಬಸಿದು, ತಳದ ಕೆಸರನ್ನು ಹಾಗೇ ಉಳಿಸಿಕೊಂಡು ಮತ್ತೆ ಹೊಸ ಕೊಳಚೆ ತುಂಬಿದರು. ಈ ಸಲ ಕಾಲ ಕಡಿಮೆಯಾಯಿತು. ಹೀಗೆ ಮಾಡುತ್ತ ಮಾಡುತ್ತ ಐದು ವಾರದ ಕೆಲಸ ಕೆಲವೇ ಗಂಟೆಗಳಿಗೆ ಇಳಿಯಿತು. ನಮ್ಮ ಮನೆಗಳಲ್ಲಿ ನಿನ್ನೆಯ ಮೊಸರನ್ನು ಇಂದಿನ ಹಾಲಿಗೆ ಹೆಪ್ಪು ಹಾಕುವ ಕ್ರಮವೇ ಇದು. ಹೆಪ್ಪಿಲ್ಲದ ಹಾಲು ಮೊಸರಾಗಲಾರದೆಂದಲ್ಲ, ಆದರೆ ಯಾವಾಗ, ಹೇಗೆ ಎಂದು ಹೇಳಲಾಗದು. 1914ರ ಏಪ್ರಿಲ್‌ನಲ್ಲಿ ಪ್ರಕಟವಾದ ಈ ‘ಆಕ್ಟಿವೇಟೆಡ್ ಸ್ಲಡ್ಜ್’ ಕ್ರಮದ ವಂಶಸ್ಥರೇ ಇಂದಿನ ದೊಡ್ಡ ನಗರಗಳ ಶುದ್ಧೀಕರಣ ಯಂತ್ರಗಳಲ್ಲಿ ಬಹುಪಾಲು.

ಈ ಕಥೆಗೆ ನಮ್ಮ ನಾಡಿನ ನಂಟೂ ಉಂಟು. ಅದೇ ಫೌಲರ್ 1916ರಲ್ಲಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ ಪ್ರಾಧ್ಯಾಪಕರಾಗಿ ಬಂದರು. ಮ್ಯಾಂಚೆಸ್ಟರಿನಲ್ಲಿ ಈ ವಿದ್ಯೆ ಹುಟ್ಟಿ ಎರಡು ವರ್ಷವಾಗುವಷ್ಟರಲ್ಲೇ ಅದರ ಹಿಂದಿದ್ದ ತಲೆ ಮೈಸೂರು ಸಂಸ್ಥಾನದಲ್ಲಿತ್ತು. ಅಲ್ಲಿಂದ ನೂರೈವತ್ತು ಕಿಲೋಮೀಟರ್ ಆಚೆಯ ನಂಜನಗೂಡಿಗೆ ಕೊಳಚೆ ಶುದ್ಧೀಕರಣ ತಲುಪಲು ಇನ್ನೂ ಎಂಟು ದಶಕ ಬೇಕಾಯಿತು.

ಅದು ತಲುಪಿದ್ದು ಗಂಗೆಯ ದಾರಿಯಾಗಿ. 1986ರಲ್ಲಿ ವಾರಾಣಸಿಯಲ್ಲಿ ಚಾಲನೆಗೊಂಡ ಗಂಗಾ ಕ್ರಿಯಾ ಯೋಜನೆಯನ್ನು 1995ರಲ್ಲಿ ರಾಷ್ಟ್ರೀಯ ನದಿ ಸಂರಕ್ಷಣಾ ಯೋಜನೆಯೆಂದು ಹಿಗ್ಗಿಸಿ ಬೇರೆ ನದಿಗಳನ್ನೂ ಸೇರಿಸಲಾಯಿತು. ಕರ್ನಾಟಕದಲ್ಲಿ ತುಂಗಾ, ಭದ್ರಾ, ತುಂಗಭದ್ರೆಯ ದಡದ ಶಿವಮೊಗ್ಗ, ಭದ್ರಾವತಿ, ಹರಿಹರ, ದಾವಣಗೆರೆ. ಕಾವೇರಿ ಸೀಮೆಯಲ್ಲಿ ಕೃಷ್ಣರಾಜನಗರ, ಶ್ರೀರಂಗಪಟ್ಟಣ, ಕೊಳ್ಳೇಗಾಲ ಮತ್ತು ನಂಜನಗೂಡು ಆ ಪಟ್ಟಿಗೆ ಬಂದವು. ಎರಡು ನದಿ ಕೂಡುವ, ಕುಂಭಮೇಳ ಆಗಲೇ ಶುರುವಾಗಿದ್ದ ತಿ. ನರಸೀಪುರ ಪಟ್ಟಿಯಲ್ಲಿರಲಿಲ್ಲ. ಸಂಗಮದ ನೀರಿಗೆ ಅದರಿಂದ ಆಗಬೇಕಾದ ಉಪಕಾರ ನಂಜನಗೂಡಿನ ಮೂಲಕವೇ ಆಗಬೇಕಿತ್ತು.

ಇಂಥ ಊರುಗಳಿಗೆ ಎಂಜಿನಿಯರುಗಳು ಸಾಮಾನ್ಯವಾಗಿ ಆರಿಸುತ್ತಿದ್ದುದು ಗಾಳಿ ಊದುವ ಯಂತ್ರವನ್ನಲ್ಲ, ಕೊಳಗಳನ್ನು. ಬಿಸಿಲು ಧಾರಾಳವಾಗಿರುವ, ಕರೆಂಟು ಧಾರಾಳವಾಗಿಲ್ಲದ ನಾಡಿಗೆ ಒಪ್ಪುವ ಆಯ್ಕೆ ಅದು. 2011ರ ಜನಗಣತಿಯಲ್ಲಿ ನಂಜನಗೂಡಿನ ಜನಸಂಖ್ಯೆ ಐವತ್ತು ಸಾವಿರದ ಆಸುಪಾಸಿನಲ್ಲಿತ್ತು. ಒಳಚರಂಡಿ ಇರುವ ಊರಿನಲ್ಲಿ ತಲೆಗೆ ದಿನಕ್ಕೆ 135 ಲೀಟರ್ ನೀರು ಕೊಡಬೇಕು, ಅದರಲ್ಲಿ ಶೇಕಡಾ 80 ಕೊಳಚೆಯಾಗಿ ಹೊರಬರುತ್ತದೆ ಎಂಬುದು ಸರ್ಕಾರಿ ಲೆಕ್ಕ. ಆ ಪ್ರಕಾರ ಇಷ್ಟು ದೊಡ್ಡ ಊರು ದಿನಕ್ಕೆ 54 ಲಕ್ಷ ಲೀಟರ್ ಕೊಳಚೆ ಹುಟ್ಟಿಸುತ್ತದೆ. ಅದನ್ನು ಹತ್ತು ದಿನ ಒಂದೂವರೆ ಮೀಟರ್ ಆಳದ ಕೊಳಗಳಲ್ಲಿ ನಿಲ್ಲಿಸಬೇಕಾದರೆ ಬರಿ ನೀರಿನ ಹರವೇ ಒಂಬತ್ತು ಎಕರೆಯಾಗುತ್ತದೆ. ಏರಿ, ದಾರಿ, ಕಚೇರಿಗಳ ಜಾಗ ಬೇರೆ.

ಮನೆಯಿಂದ ಹೊರಟ ನೀರು ಬೀದಿಯಡಿಯ ಕೊಳವೆಗಳಲ್ಲಿ ಇಳಿಜಾರು ಹಿಡಿದು ತಾನಾಗಿ ಸಾಗುತ್ತದೆ. ಊರಿನ ತಗ್ಗು ಪ್ರದೇಶ ನದಿಯ ಬದಿಗೇ ಇರುವುದು ಸಹಜ. ಹಾಗಾಗಿ ಕೊಳಚೆಯೆಲ್ಲ ಬಂದು ಸೇರುವುದೂ ನದಿಯ ಹತ್ತಿರವೇ. ಅಲ್ಲೊಂದು ಆಳವಾದ ಬಾವಿ, ಇಲಾಖೆಯ ಭಾಷೆಯಲ್ಲಿ ವೆಟ್‌ವೆಲ್. ಅಲ್ಲಿಂದ ಪಂಪುಗಳು ನೀರನ್ನು ಎತ್ತಿ, ಊರ ಹೊರಗೆ ಮುಂಗಾರಿನ ನೆರೆ ಮುಟ್ಟದ ಎತ್ತರದಲ್ಲಿರುವ ಘಟಕಕ್ಕೆ ದೂಡುತ್ತವೆ. ಕೊಳಗಳಿಗೆ ಕರೆಂಟು ಬೇಕಿಲ್ಲ, ಆದರೆ ಈ ಬಾವಿಗೆ ಬೇಕು. ಕರೆಂಟು ಹೋಗಿ ಜನರೇಟರಿಗೆ ಡೀಸೆಲ್ ಇಲ್ಲದಿದ್ದರೆ ಬಾವಿ ತುಂಬುತ್ತದೆ. ತುಂಬಿದ ಬಾವಿ ಉಕ್ಕಿ ಬೀದಿಗೆ ಹರಿಯಬಾರದೆಂದು ಒಂದು ಕೊಳವೆಯನ್ನು ನದಿಯತ್ತ ಬಿಟ್ಟಿರುವುದು ವಾಡಿಕೆ. ಇಡೀ ವ್ಯವಸ್ಥೆಯಲ್ಲಿ ಅತ್ಯಂತ ಸಣ್ಣದೂ ಅತ್ಯಂತ ಮುಖ್ಯವೂ ಆದ ಭಾಗ ಈ ಕೊಳವೆ. ಘಟಕವನ್ನು ನೋಡಬಂದ ಗಣ್ಯರಿಗೆ ಅದನ್ನು ತೋರಿಸುವ ರೂಢಿಯಿಲ್ಲ.

ಘಟಕದ ಬಾಗಿಲಲ್ಲಿ ಮೊದಲು ಸಿಗುವುದು ಕಬ್ಬಿಣದ ಸರಳುಗಳ ಜಾಲರಿ. ಪ್ಲಾಸ್ಟಿಕ್ ಚೀಲ, ಬಟ್ಟೆ, ಶಾಂಪೂ ಪೊಟ್ಟಣ, ತೆಂಗಿನ ನಾರು, ಕೂದಲು ಎಲ್ಲ ಅಲ್ಲಿ ಸಿಕ್ಕಿಬೀಳುತ್ತದೆ. ಯಾತ್ರಾಸ್ಥಳದ ಚರಂಡಿಯಲ್ಲಿ ಬಟ್ಟೆ, ಕೂದಲುಗಳ ಪಾಲು ಹೆಚ್ಚೆಂದು ಬೇರೆ ಹೇಳಬೇಕಿಲ್ಲ. ಅದನ್ನು ಕುಂಟೆಯಿಂದ ಎಳೆದು ಹಾಕಲು ದಿನವೂ ಒಬ್ಬರು ಇರಬೇಕು. ಮುಂದೆ ಮರಳು ತಂಗುವ ತೊಟ್ಟಿ. ಆಮೇಲೆ ಕೊಳಗಳು.

ಮೊದಲ ಕೊಳ ಆಳ, ಮೂರು ನಾಲ್ಕು ಮೀಟರ್. ನೀರು ಕಪ್ಪು. ಇಲ್ಲಿ ಗಾಳಿಯಿಲ್ಲ, ಗಾಳಿ ಬೇಡದ ಬ್ಯಾಕ್ಟೀರಿಯಾಗಳು ತಳಕ್ಕಿಳಿದ ಗಸಿಯನ್ನು ಕೊಳೆಯಿಸುತ್ತವೆ. ಗೋಬರ್ ಗ್ಯಾಸಿನ ತೊಟ್ಟಿಯಲ್ಲಿ ನಡೆಯುವುದೇ ಇಲ್ಲೂ ನಡೆಯುತ್ತದೆ; ಗುಳ್ಳೆಗಳು ಪುಟಪುಟನೆ ಏಳುತ್ತಿರುತ್ತವೆ. ನಮ್ಮಂಥ ಬಿಸಿ ಹವೆಯಲ್ಲಿ ಒಂದೆರಡು ದಿನದಲ್ಲೇ ಕೊಳೆಯ ಅರ್ಧ ಭಾಗ ಇಲ್ಲೇ ಕಳೆಯುತ್ತದೆ. ಯುರೋಪಿನ ಚಳಿಯಲ್ಲಿ ಇದು ಇಷ್ಟು ಸಲೀಸಲ್ಲ.

ಎರಡನೆಯ ಕೊಳ ಅಗಲ, ಆಳ ಕಡಿಮೆ, ಬಣ್ಣ ಹಸಿರು. ಘಟಕದ ಜೀವಾಳ ಇದೇ. ಹಸಿರು ಬಣ್ಣ ಪಾಚಿಯದು. ಬಿಸಿಲಿನಲ್ಲಿ ಪಾಚಿ ಆಮ್ಲಜನಕ ಬಿಡುತ್ತದೆ. ಅದನ್ನು ಬಳಸಿ ಬ್ಯಾಕ್ಟೀರಿಯಾಗಳು ಕೊಳೆಯನ್ನು ತಿನ್ನುತ್ತವೆ. ತಿಂದು ಅವು ಬಿಡುವ ಇಂಗಾಲಾಮ್ಲ, ಸಾರಜನಕಗಳನ್ನು ಮತ್ತೆ ಪಾಚಿ ತಿನ್ನುತ್ತದೆ. ಒಬ್ಬರ ಎಂಜಲು ಇನ್ನೊಬ್ಬರ ಊಟ. ದೊಡ್ಡ ನಗರಗಳಲ್ಲಿ ಸಾವಿರಾರು ಯೂನಿಟ್ ವಿದ್ಯುತ್ ಸುಟ್ಟು ಊದುವ ಗಾಳಿಯನ್ನು ಇಲ್ಲಿ ಸೂರ್ಯ ಪುಕ್ಕಟೆಯಾಗಿ ಊದುತ್ತಾನೆ. ಮಧ್ಯಾಹ್ನ ಮೂರರ ಹೊತ್ತಿಗೆ ಕೊಳದ ಮೇಲ್ಪದರದಲ್ಲಿ ತಿಳಿನೀರಿಗಿಂತಲೂ ಹೆಚ್ಚು ಆಮ್ಲಜನಕ ತುಂಬಿರುವುದುಂಟು. ಬೆಳಗಿನ ಜಾವ ಅದು ಬಹುತೇಕ ಸೊನ್ನೆಗೆ ಇಳಿದಿರುತ್ತದೆ. ಅನುಭವವುಳ್ಳ ಕೆಲಸಗಾರ ಉಪಕರಣವಿಲ್ಲದೆ ಬಣ್ಣ ನೋಡಿಯೇ ಕೊಳದ ಆರೋಗ್ಯ ಹೇಳಬಲ್ಲ: ಕಡುಹಸಿರಾದರೆ ಸರಿ, ಬೂದುಬಣ್ಣಕ್ಕೆ ತಿರುಗಿದರೆ ಹೊರೆ ಹೆಚ್ಚಾಗಿದೆ, ನಸುಗೆಂಪಾದರೆ ಗಂಧಕದ ಬ್ಯಾಕ್ಟೀರಿಯಾ ಮೇಲುಗೈ ಪಡೆದಿದೆ, ಇನ್ನೆರಡು ದಿನಕ್ಕೆ ಅಕ್ಕಪಕ್ಕದವರು ವಾಸನೆಯೆಂದು ದೂರು ತರುತ್ತಾರೆ.

ಕೊನೆಯ ಕೊಳಗಳು ಇನ್ನೂ ಆಳ ಕಡಿಮೆಯವು. ಅಲ್ಲಿಯ ಕೆಲಸ ಕೊಳೆಯನ್ನು ತಿನ್ನುವುದಲ್ಲ, ರೋಗಾಣುಗಳನ್ನು ಕೊಲ್ಲುವುದು. ಬಿಸಿಲು ಮತ್ತು ಪಾಚಿಯಿಂದ ಏರುವ ಕ್ಷಾರಗುಣ ಎರಡೂ ಸೇರಿ ಅದನ್ನು ಮಾಡುತ್ತವೆ. ಜಂತುಹುಳು, ಕೊಕ್ಕೆಹುಳುಗಳ ಮೊಟ್ಟೆಗಳು ಎಂಟು ಹತ್ತು ದಿನ ನಿಂತ ನೀರಿನಲ್ಲಿ ತಳ ಸೇರುತ್ತವೆ. ಬರಿಗಾಲಿನಲ್ಲಿ ಗದ್ದೆಗಿಳಿಯುವ ನಾಡಿನಲ್ಲಿ ಇದು ಸಣ್ಣ ಮಾತಲ್ಲ. ಆದರೆ ಇಲ್ಲೊಂದು ಲೆಕ್ಕವನ್ನು ಮರೆಯಬಾರದು. ಕೊಳಚೆಯ 100 ಮಿಲಿಲೀಟರಿನಲ್ಲಿ ಮಲದಿಂದ ಬಂದ ಬ್ಯಾಕ್ಟೀರಿಯಾ ಕೋಟಿಯ ಲೆಕ್ಕದಲ್ಲಿರುತ್ತವೆ. ಸ್ನಾನದ ನೀರಿನಲ್ಲಿ ಅವು 500ರೊಳಗಿದ್ದರೆ ಒಳ್ಳೆಯದು, ಹೆಚ್ಚೆಂದರೆ 2500. ನೂರಕ್ಕೆ ತೊಂಬತ್ತೊಂಬತ್ತನ್ನು ಕೊಂದೆವೆಂದು ಹೆಮ್ಮೆಪಟ್ಟರೂ ಕೋಟಿಯಲ್ಲಿ ಒಂದು ಲಕ್ಷ ಉಳಿಯಿತು. ಕೊನೆಯ ಕೊಳವನ್ನು ಉಳಿತಾಯಕ್ಕೆಂದು ಬಿಟ್ಟುಬಿಟ್ಟರೆ, ಅಥವಾ ಹೂಳು ತುಂಬಿ ಅದು ಅರ್ಧವಾದರೆ, ಬಿ.ಓ.ಡಿ. ಲೆಕ್ಕ ಪಾಸಾಗಿ ಸ್ನಾನದ ಲೆಕ್ಕ ಫೇಲಾಗುತ್ತದೆ.

ಹೂಳು ಕೊಳಗಳ ಹಳೆಯ ಶತ್ರು. ಕೆಲವು ವರ್ಷಕ್ಕೊಮ್ಮೆ ತೆಗೆಸದಿದ್ದರೆ ಹತ್ತು ದಿನ ನಿಲ್ಲಬೇಕಾದ ನೀರು ನಾಲ್ಕೇ ದಿನದಲ್ಲಿ ಹೊರಬೀಳುತ್ತದೆ. ಹೊರಗಿನಿಂದ ನೋಡುವವರಿಗೆ ಏನೂ ಗೊತ್ತಾಗುವುದಿಲ್ಲ. ಕೊಳ ಅದೇ, ನೀರು ಅದೇ, ಏರಿಯ ಮೇಲೆ ಬೆಳ್ಳಕ್ಕಿಗಳೂ ಅವೇ.

ನಂಜನಗೂಡಿಗೆ ಇನ್ನೊಂದು ಕಷ್ಟವುಂಟು. ದೊಡ್ಡಜಾತ್ರೆಯ ದಿನ ಐದು ತೇರು ನೋಡಲು ಊರಿನ ಜನಸಂಖ್ಯೆಯ ಹಲವು ಪಟ್ಟು ಜನ ಬಂದು ಸೇರುತ್ತಾರೆ. ಬಸ್ಸನ್ನು, ಪೊಲೀಸರನ್ನು ಒಂದು ದಿನಕ್ಕೆ ಹೆಚ್ಚು ಕರೆಸಬಹುದು, ಬ್ಯಾಕ್ಟೀರಿಯಾಗಳನ್ನು ಕರೆಸಲಾಗದು. ಅವು ಊಟವನ್ನು ನೋಡಿಕೊಂಡು ದಿನಗಳ ಮೇಲೆ ಹೆಚ್ಚುವಂಥವು. ಈ ವಿಷಯದಲ್ಲಿ ಹಳೆಯ ಕೊಳಗಳೇ ಹೊಸ ಯಂತ್ರಗಳಿಗಿಂತ ವಾಸಿ. ಹತ್ತು ದಿನದ ನೀರು ಒಟ್ಟಿಗೆ ನಿಂತಿರುವುದರಿಂದ ಒಂದು ದಿನದ ಜಾತ್ರೆ ಅದರಲ್ಲಿ ಕರಗಿಹೋಗುತ್ತದೆ. ಗಂಟೆಗಳ ಲೆಕ್ಕದಲ್ಲಿ ನೀರನ್ನು ತುಂಬಿ, ಊದಿ, ತಂಗಿಸಿ, ಬಸಿಯುವ ಈಗಿನ ತೊಟ್ಟಿಗಳು ಜಾಗವನ್ನು ಬಹಳ ಉಳಿಸುತ್ತವೆ, ನೀರನ್ನೂ ಹೆಚ್ಚು ತಿಳಿ ಮಾಡುತ್ತವೆ. ಆದರೆ ಅವಕ್ಕೆ ಇಡೀ ದಿನ ಕರೆಂಟು ಬೇಕು, ಓದಿದ ಕೆಲಸಗಾರ ಬೇಕು. ಮೈಸೂರಿನ ಸುತ್ತ ಭೂಮಿಯ ಬೆಲೆ ಏರಿದ ಮೇಲೆ ಒಂಬತ್ತು ಎಕರೆ ನೀರು ನಿಲ್ಲಿಸುವ ಮಾತನ್ನು ಆಡುವವರು ಕಡಿಮೆಯಾಗಿದ್ದಾರೆ. ಕಾರ್ಖಾನೆಗಳ ನೀರಿನ ಮಾತು ಮತ್ತೆ ಬೇರೆ. ನಂಜನಗೂಡಿನ ಕೈಗಾರಿಕಾ ಪ್ರದೇಶದಂಥ ಕಡೆ ಹೊರಬರುವ ನೀರಿನ ರಾಸಾಯನಿಕಗಳು ಕೊಳಚೆ ತಿನ್ನುವ ಬ್ಯಾಕ್ಟೀರಿಯಾಗಳನ್ನೇ ಕೊಲ್ಲಬಲ್ಲವಾದ್ದರಿಂದ ಅದಕ್ಕೆ ಪ್ರತ್ಯೇಕ ಶುದ್ಧೀಕರಣ ಕಡ್ಡಾಯ.

ಇಷ್ಟೆಲ್ಲ ಇದ್ದೂ 2018ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ದೇಶದ 351 ಕಲುಷಿತ ನದಿಪಾತ್ರಗಳ ಪಟ್ಟಿ ಮಾಡಿದಾಗ ಕರ್ನಾಟಕದ 17ರಲ್ಲಿ ಕಬಿನಿಯೂ ಇತ್ತು, ನಂಜನಗೂಡಿನಿಂದ ಹೆಜ್ಜಿಗೆಯವರೆಗೆ. ಪಟ್ಟಿಗೆ ಸೇರಿಸಲು ಮಂಡಳಿ ಇಟ್ಟುಕೊಂಡ ಅಳತೆ ಅದೇ 3 ಮಿಲಿಗ್ರಾಂ, ನಲವತ್ತು ಲೀಟರಿಗೆ ಒಂದು ಗುಲಗಂಜಿ. ನಮ್ಮ ನಾಡಿನ ಬೇರೆ ಕೆಲವು ನದಿಗಳಿಗೆ ಹೋಲಿಸಿದರೆ ಕಪಿಲೆಯ ಸ್ಥಿತಿ ಭೀಕರವೇನಲ್ಲ. ಆದರೂ ಜನ ಮುಳುಗುವ ಜಾಗದಲ್ಲೇ ಗೆರೆ ದಾಟಿತ್ತು ಎಂಬುದು ಯೋಚಿಸಬೇಕಾದ ಮಾತು.

ಕಾರಣ ಬಹುಮಟ್ಟಿಗೆ ಘಟಕದ ಒಳಗಿಲ್ಲ, ಹೊರಗಿದೆ. ಗಂಗಾ ಯೋಜನೆಯಿಂದ ಬಂದ ಪದ್ಧತಿಯಲ್ಲಿ ಹಣ ಹೋಗುತ್ತಿದ್ದುದು ಮುಖ್ಯವಾಗಿ ನದಿಗೆ ಬೀಳುವ ಚರಂಡಿಯನ್ನು ಬಾಯಲ್ಲೇ ಅಡ್ಡಗಟ್ಟಿ ಪಂಪಿಗೆ ತಿರುಗಿಸಲು. ಪ್ರತಿ ಮನೆಯ ಕೊಳವೆಯನ್ನು ಒಳಚರಂಡಿಗೆ ಜೋಡಿಸುವುದು ಪುರಸಭೆಯ, ಮನೆಯವರ ಪಾಲಿಗೆ ಬಿಟ್ಟದ್ದು. ತೆರೆದ ಚರಂಡಿಯಲ್ಲಿ ಮಳೆನೀರೂ ಹರಿಯುತ್ತದೆ, ಮಣ್ಣೂ ಹರಿಯುತ್ತದೆ. ಒಂದು ಜೋರು ಮಳೆಗೆ ಅಡ್ಡಗಟ್ಟೆಯನ್ನು ಹಾರಿ ಎಲ್ಲವೂ ನದಿ ಸೇರುತ್ತದೆ. 2018 ಮತ್ತು 2019ರ ಆಗಸ್ಟ್‌ಗಳಲ್ಲಿ ಕಪಿಲೆ ಉಕ್ಕಿ ಹದಿನಾರು ಕಾಲು ಮಂಟಪ ಮುಳುಗಿದಂಥ ಸಂದರ್ಭಗಳಲ್ಲಂತೂ ನದಿಯೇ ಚರಂಡಿಯೊಳಕ್ಕೆ ಹಿಮ್ಮೆಟ್ಟುತ್ತದೆ. ಮನೆಯವರ ಪಾಲಿನದೂ ಸರಳವಲ್ಲ. ಹಿತ್ತಲಲ್ಲಿ ಗುಂಡಿ ತೆಗೆಸಿ ಹತ್ತು ವರ್ಷದಿಂದ ತೊಂದರೆಯಿಲ್ಲದೆ ನಡೆಯುತ್ತಿರುವಾಗ, ಅಂಗಳ ಅಗೆಸಿ, ಶುಲ್ಕ ಕಟ್ಟಿ ಬೀದಿಯ ಮ್ಯಾನ್‌ಹೋಲಿಗೆ ಸೇರಿಸಬೇಕೆಂದರೆ ಯಾರಿಗೆ ತಾನೆ ಉತ್ಸಾಹ? ಆ ಗುಂಡಿ ಒಂದು ದಿನ ತುಂಬುತ್ತದೆ. ಸಕ್ಕಿಂಗ್ ಯಂತ್ರದ ಟ್ಯಾಂಕರ್ ಬಂದು ಎಳೆದುಕೊಂಡು ಹೋಗುತ್ತದೆ. ಎಲ್ಲಿಗೆ ಒಯ್ದು ಸುರಿಯುತ್ತದೆ ಎಂದು ಮನೆಯವರು ಕೇಳುವುದಿಲ್ಲ. ಗುಂಡಿಯ ಗಸಿಯನ್ನೇ ಶುದ್ಧೀಕರಿಸುವ ಘಟಕವೊಂದು 2015ರಲ್ಲಿ ದೇವನಹಳ್ಳಿಯಲ್ಲಿ ಆರಂಭವಾಯಿತು. ಊರಿನ ಮಟ್ಟದಲ್ಲಿ ದೇಶದಲ್ಲೇ ಮೊದಲನೆಯದು. ಒಳಚರಂಡಿ ಪೂರ್ಣವಾಗಿ ಬರದ ತಿ. ನರಸೀಪುರದಂಥ ಊರುಗಳಿಗೆ ಕೊಳಗಳಿಗಿಂತ ಮೊದಲು ಬೇಕಾದದ್ದು ಬಹುಶಃ ಅಂಥದ್ದು.

ಮ್ಯಾನ್‌ಹೋಲ್ ಕಟ್ಟಿಕೊಂಡಾಗ ಬಸವಲಿಂಗಪ್ಪನವರ ಕಾಲದ ಪ್ರಶ್ನೆ ಮತ್ತೆ ಮೇಲೇಳುತ್ತದೆ. ಹೊರುವುದನ್ನು ನೀರಿಗೆ ವಹಿಸಿದ್ದಾಯಿತು; ನೀರು ನಿಂತರೆ ಇಳಿಯುವವರು ಯಾರು? 2010ರ ಜುಲೈನಲ್ಲಿ ಸವಣೂರಿನಲ್ಲಿ ಭಂಗಿ ಸಮುದಾಯದವರು ತಮ್ಮನ್ನು ಒಕ್ಕಲೆಬ್ಬಿಸುವುದರ ವಿರುದ್ಧ ಮೈಗೆ ಮಲ ಬಳಿದುಕೊಂಡು ನಿಂತದ್ದನ್ನು ನಾಡು ನೋಡಿತು. 2013ರ ಕಾಯ್ದೆ ರಕ್ಷಣಾ ಸಾಮಗ್ರಿಯಿಲ್ಲದೆ ಯಾರನ್ನೂ ಮ್ಯಾನ್‌ಹೋಲಿಗೆ ಇಳಿಸಬಾರದೆಂದಿತು. ಅಲ್ಲಿ ಸತ್ತವರ ಮನೆಗೆ ಕೊಡಬೇಕಾದ ಪರಿಹಾರವನ್ನು ಸುಪ್ರೀಂ ಕೋರ್ಟ್ 2014ರಲ್ಲಿ 10 ಲಕ್ಷ ಎಂದಿತ್ತು, 2023ರಲ್ಲಿ 30 ಲಕ್ಷಕ್ಕೆ ಏರಿಸಿತು. ಏರಿಸಬೇಕಾಗಿ ಬಂತೆಂದರೆ ಇಳಿಸುವುದು ನಿಂತಿಲ್ಲ ಎಂದೇ ಅರ್ಥ. ಜಾಲರಿಯಲ್ಲಿ ಸಿಕ್ಕಬೇಕಾದ ಬಟ್ಟೆ, ಕೂದಲು ದಾರಿಯಲ್ಲೇ ಸಿಕ್ಕಿಕೊಂಡಾಗ ಅದರ ಬೆಲೆ ತೆರುವವರು ಇವರು.

ಕಪಿಲೆಯ ಲೆಕ್ಕ ಈ ಎರಡು ಊರುಗಳಿಗೆ ಮುಗಿಯುವುದಿಲ್ಲ. ಮೈಸೂರು ನಗರ ತನ್ನ ನೀರಿನ ಒಂದು ಪಾಲನ್ನು ನಂಜನಗೂಡು ತಾಲ್ಲೂಕಿನ ಬಿದರಗೂಡಿನ ಬಳಿ ಕಬಿನಿಯಿಂದ ಎತ್ತುತ್ತದೆ. ಅದೇ ನಗರದ ದಕ್ಷಿಣ ಭಾಗದ ಕೊಳಚೆ, ಹಿಂದೆ ‘ಸೂಯೇಜ್ ಫಾರಂ’ ಎಂದೇ ಹೆಸರಾಗಿದ್ದ ವಿದ್ಯಾರಣ್ಯಪುರದ ಘಟಕವನ್ನು ಹಾದು ದಳವಾಯಿ ಕೆರೆಯ ಕಡೆಯಿಂದ ಕಬಿನಿಯ ಜಲಾನಯನಕ್ಕೇ ಇಳಿಯುತ್ತದೆ. ಸಂಗಮ ದಾಟಿದ ನೀರು ತಲಕಾಡನ್ನು ಬಳಸಿ ಶಿವನಸಮುದ್ರದತ್ತ ಹೋಗುತ್ತದೆ. ಅಲ್ಲಿ ಶಿವಾ ಅಣೆಕಟ್ಟೆಯಿಂದ ಎತ್ತಿದ ನೀರು ತೊರೆಕಾಡನಹಳ್ಳಿಯಲ್ಲಿ ಶುದ್ಧಗೊಂಡು ಬೆಂಗಳೂರಿನ ನಲ್ಲಿಗಳಿಗೆ ಏರುತ್ತದೆ. 2024ರ ಅಕ್ಟೋಬರ್‌ನಲ್ಲಿ ಇದರ ಐದನೆಯ ಹಂತವೂ ಉದ್ಘಾಟನೆಯಾಯಿತು. ಬೆಂಗಳೂರಿನ ಮನೆಯಲ್ಲಿ ಕುದಿಯುವ ಕಾಫಿಯ ನೀರಿನಲ್ಲಿ ನಂಜನಗೂಡಿನ ಬಚ್ಚಲಿನದೂ ಒಂದು ಪಾಲಿದೆ ಎಂದರೆ ಯಾರೂ ಬೇಸರ ಮಾಡಿಕೊಳ್ಳಬೇಕಿಲ್ಲ. ಜಗತ್ತಿನ ದೊಡ್ಡ ನದಿಗಳ ದಡದ ಊರುಗಳೆಲ್ಲ ಹೀಗೇ ಬದುಕುತ್ತಿವೆ. ಕಾವೇರಿ ನ್ಯಾಯಮಂಡಳಿ 2007ರ ತೀರ್ಪಿನಲ್ಲಿ ಊರುಗಳ ಕುಡಿಯುವ ನೀರಿನಲ್ಲಿ ನಿಜವಾಗಿ ಖರ್ಚಾಗುವುದು ಐದರಲ್ಲೊಂದು ಪಾಲು ಮಾತ್ರ ಎಂಬ ಲೆಕ್ಕ ಹಿಡಿದಿತ್ತು. ಉಳಿದ ನಾಲ್ಕು ಪಾಲು ಮರಳಿ ನದಿಗೇ ಬರುತ್ತದೆ ಎಂಬುದು ಅದರ ಆಧಾರ. ಎಂಥ ನೀರಾಗಿ ಬರುತ್ತದೆ ಎಂಬುದು ಆ ಲೆಕ್ಕದೊಳಗೆ ಬರುವುದಿಲ್ಲ.

ಬಿಡುವ ನೀರಿನ ಗುಣಕ್ಕೆ ಇರುವ ಅಂಕಿಯ ಬೇರು ಇಂಗ್ಲೆಂಡಿನಲ್ಲಿದೆ. ಅಲ್ಲಿಯ ರಾಯಲ್ ಕಮಿಷನ್ 1912ರಲ್ಲಿ ಲೀಟರಿಗೆ 20 ಮಿಲಿಗ್ರಾಂ ಬಿ.ಓ.ಡಿ. ಸಾಕೆಂದು ಹೇಳುವಾಗ, ಒಂದು ಪಾಲು ಬಿಡುವ ನೀರಿಗೆ ಕನಿಷ್ಠ ಎಂಟು ಪಾಲು ಸ್ವಚ್ಛ ನದಿನೀರು ಇರಬೇಕೆಂಬ ಷರತ್ತನ್ನೂ ಸೇರಿಸಿತ್ತು. ನಮ್ಮಲ್ಲಿ ಬಹುಕಾಲ 30 ಮಿಲಿಗ್ರಾಂ ನಡೆಯಿತು. 2017ರ ಅಧಿಸೂಚನೆಯೂ ಸಣ್ಣ ಊರುಗಳಿಗೆ ಅದನ್ನೇ ಉಳಿಸಿತು. 2019ರಲ್ಲಿ ಹಸಿರು ನ್ಯಾಯಮಂಡಳಿ 10 ಆಗಬೇಕೆಂದಿತು. ಅಂಕಿ ಬಂತು, ಎಂಟು ಪಾಲಿನ ಷರತ್ತು ಹಡಗು ಹತ್ತಲಿಲ್ಲ. 30 ಇದ್ದದ್ದು 3 ಆಗಬೇಕಾದರೆ ಹತ್ತು ಪಟ್ಟಿಗಿಂತ ಹೆಚ್ಚು ತಿಳಿನೀರು ಬೇಕು. ಆಗಸ್ಟಿನಲ್ಲಿ ಕಪಿಲೆಯಲ್ಲಿ ಅದು ಸಾವಿರ ಪಟ್ಟು ಸಿಕ್ಕುತ್ತದೆ. ಜಲಾಶಯದ ಬಾಗಿಲು ಇಳಿಸಿದ ಮಾರ್ಚ್, ಏಪ್ರಿಲ್‌ನಲ್ಲಿ, ದೊಡ್ಡಜಾತ್ರೆಯ ಕಾಲದಲ್ಲಿ, ಎಷ್ಟು ಸಿಕ್ಕುತ್ತದೆ ಎಂಬುದನ್ನು ಮೇಲಿನ ಅಣೆಕಟ್ಟೆಯಲ್ಲಿ ಬಾಗಿಲೆತ್ತುವವರು ತೀರ್ಮಾನಿಸುತ್ತಾರೆ.

ಘಟಕದ ಕೊನೆಯ ಕಾಲುವೆಯಲ್ಲಿ ಕೆಲಸಗಾರ ಗಾಜಿನ ಸೀಸೆಯಲ್ಲಿ ನೀರು ತುಂಬಿ ಬಿರಡೆ ಹಾಕಿ ಪ್ರಯೋಗಾಲಯಕ್ಕೆ ಕಳಿಸುತ್ತಾನೆ. ಇಂಗ್ಲೆಂಡಿನಲ್ಲಿ ಅದನ್ನು ಐದು ದಿನ ಇಟ್ಟು ಪರೀಕ್ಷಿಸುತ್ತಾರೆ. ಅಲ್ಲಿಯ ನದಿಗಳು ಐದು ದಿನದೊಳಗೆ ಸಮುದ್ರ ಸೇರಿಬಿಡುತ್ತವೆ, ಅದಕ್ಕೇ ಆ ಅವಧಿ ಎಂಬ ವಿವರಣೆಯಿದೆ. ನಮ್ಮ ಬಿಸಿ ಹವೆಗೆ ತಕ್ಕಂತೆ ಇಲ್ಲಿ 27 ಡಿಗ್ರಿಯಲ್ಲಿ ಮೂರು ದಿನ. ಮೂರು ದಿನ ಕಳೆದು ಅಂಕಿ ಬಂದು, ಅದು ಹೆಚ್ಚೆಂದು ಕಂಡು, ಯಾರಾದರೂ ಪಂಪ್ ಮನೆಗೆ ಫೋನ್ ಮಾಡುವ ಹೊತ್ತಿಗೆ ಆ ಸೀಸೆಯ ಜೊತೆಗಾರ ನೀರು ಸುತ್ತೂರನ್ನು ದಾಟಿ, ತಿ. ನರಸೀಪುರದ ಸೋಪಾನಗಳನ್ನು ಸವರಿ, ಅಲ್ಲಿ ಮುಳುಗು ಹಾಕಿದವರ ಬೊಗಸೆಯನ್ನೂ ತುಂಬಿ, ಕಾವೇರಿಯಲ್ಲಿ ಎಷ್ಟೋ ಮುಂದೆ ಹೋಗಿರುತ್ತದೆ.